ತನಬಾತಾ ಹಬ್ಬ: ಬಿದಿರು ಕಟ್ಟುವುದು, ಸೋಮೆನ್ ಬೇಯಿಸುವುದು

ಜಪಾನಿನ ಸೆಂಡೈ ನಗರಕ್ಕೆ ಬಂದ ಮೊದಲ ವರ್ಷ ತನಬಾತಾ ಎಂಬ ನಕ್ಷತ್ರದ ಹಬ್ಬಕ್ಕೆಂದು ಜುಲೈ 7ಕ್ಕೇ ಬಿದಿರು ಹುಡುಕಿಕೊಂಡು ಹೊರಟಿದ್ದೆ. ಪಕ್ಕದ ಮನೆಯ ಅಜ್ಜಿ ತಡೆದರು. ಜಪಾನಿನ ಬಹಳ ಕಡೆ ತನಬಾತಾ ಜುಲೈ 7ಕ್ಕೆ. ಆದರೆ ಸೆಂಡೈನಲ್ಲಿ ಹಳೆಯ ಪಂಚಾಂಗಕ್ಕೆ ಹತ್ತಿರವಾಗುವಂತೆ ಒಂದು ತಿಂಗಳು ತಡವಾಗಿ, ಆಗಸ್ಟ್ 6ರಿಂದ 8ರವರೆಗೆ. ನನಗಂತೂ ಇದೇ ಸರಿ ಅನಿಸುತ್ತದೆ. ಜುಲೈ ಮೊದಲ ವಾರದಲ್ಲಿ ಮಳೆ ಇನ್ನೂ ಹಿಡಿದಿರುತ್ತದೆ. ನಕ್ಷತ್ರದ ಹಬ್ಬಕ್ಕೆ ನಕ್ಷತ್ರ ಕಾಣಬೇಕು, ಅಲ್ವಾ?

ಕಥೆ ಚಿಕ್ಕದು. ಒರಿಹಿಮೆ ಬಟ್ಟೆ ನೇಯುವವಳು, ಹಿಕೊಬೊಶಿ ದನ ಕಾಯುವವನು. ಮದುವೆಯಾದ ಮೇಲೆ ಇಬ್ಬರೂ ಕೆಲಸ ಮರೆತರು. ಸಿಟ್ಟಾದ ಅವಳ ಅಪ್ಪ ಇಬ್ಬರನ್ನೂ ಆಕಾಶಗಂಗೆಯ ಆಚೆ ಈಚೆ ಇಟ್ಟ. ವರ್ಷಕ್ಕೆ ಒಂದೇ ರಾತ್ರಿ ಭೇಟಿ. ನಮ್ಮ ಅಭಿಜಿತ್ ನಕ್ಷತ್ರವೇ ಅವಳು, ಶ್ರವಣ ನಕ್ಷತ್ರವೇ ಅವನು.

ಬಿದಿರಿನ ಕೊಂಬೆಯನ್ನು ಹಬ್ಬದ ಹಿಂದಿನ ಸಂಜೆಯೇ ತನ್ನಿ, ಅದಕ್ಕಿಂತ ಮೊದಲು ಬೇಡ. ಕಡಿದ ಬಿದಿರಿನ ಎಲೆ ಬೇಗ ಸುರುಳಿ ಸುತ್ತಿಕೊಳ್ಳುತ್ತದೆ. ಕಾಗದದ ಕೆಲಸವನ್ನೆಲ್ಲ ಮೊದಲೇ ಮುಗಿಸಿಟ್ಟಿರಿ.

ಆಸೆ ಬರೆದು ಬಿದಿರಿಗೆ ಕಟ್ಟುವ ಉದ್ದನೆಯ ಚೀಟಿಗೆ ತಂಜಾಕು ಅನ್ನುತ್ತಾರೆ. ಐದು ಬಣ್ಣ: ಹಸಿರು ಅಥವಾ ನೀಲಿ, ಕೆಂಪು, ಹಳದಿ, ಬಿಳಿ, ಕಪ್ಪು. ಕಪ್ಪಿನ ಬದಲು ನೇರಳೆ ಬಣ್ಣವನ್ನೂ ಬಳಸುತ್ತಾರೆ. ಮೇಲೆ ತೂತು ಮಾಡಿ ದಾರ ಪೋಣಿಸಿ. ಏನು ಬರೆಯಬೇಕು ಅಂತ ನೀವು ಕೇಳಬಹುದು. ಒರಿಹಿಮೆ ನೇಯ್ಗೆಯವಳಾದ್ದರಿಂದ ಹಿಂದೆ ಹೊಲಿಗೆ ಚೆನ್ನಾಗಿ ಬರಲಿ, ಅಕ್ಷರ ದುಂಡಗಾಗಲಿ ಎಂದು ಬೇಡುತ್ತಿದ್ದರು. ವಸ್ತು ಕೇಳುವುದಕ್ಕಿಂತ ಕೈಕೆಲಸ ಕೇಳುವುದು ಚೆಂದ ಎಂದು ನನಗೂ ಅನಿಸುತ್ತದೆ. ಮಗಳು ಕಳೆದ ವರ್ಷ ‘ಈಜು ಕಲಿಯಬೇಕು’ ಎಂದು ಬರೆದಳು.

ಬರೆಯುವ ಶಾಯಿಗೂ ಒಂದು ಹಳೆಯ ಪದ್ಧತಿ ಇದೆ. ಬೆಳಗ್ಗೆ ಕೆಸುವಿನ ಎಲೆಯ ಮೇಲಿನ ಇಬ್ಬನಿ ಕೂಡಿಸಿ, ಅದರಲ್ಲೇ ಶಾಯಿಕಡ್ಡಿ ತೇಯುವುದು. ಅಜ್ಜಿಯ ಹಿತ್ತಲಲ್ಲಿ ಕೆಸು ಇದೆ. ಎಲೆಯನ್ನು ಮೆಲ್ಲಗೆ ವಾಲಿಸಿದರೆ ಹನಿಗಳು ಉರುಳಿ ಒಂದಕ್ಕೊಂದು ಸೇರಿ, ದೊಡ್ಡ ಮುತ್ತಾಗಿ ಬಟ್ಟಲಿಗೆ ಜಾರುತ್ತವೆ. ಏಳೆಂಟು ಎಲೆ ಸುತ್ತಿದರೆ ಒಂದು ಚಮಚ ಸಿಗುತ್ತದೆ. ಅಷ್ಟು ಸಾಕು.

ಸೆಂಡೈನಲ್ಲಿ ಏಳು ಅಲಂಕಾರ: ಚೀಟಿ, ಕಾಗದದ ಕಿಮೋನೊ, ಕೊಕ್ಕರೆ, ಹಣದ ಚೀಲ, ಮೀನಿನ ಬಲೆ, ಕಸದ ಬುಟ್ಟಿ, ನೇಯ್ಗೆಯ ನೂಲಿನಂತೆ ಇಳಿಬಿಡುವ ಪಟ್ಟಿಗಳು. ಬಲೆ ಸುಲಭ. ತೆಳು ಕಾಗದವನ್ನು ಎರಡು ಸಲ ಉದ್ದಕ್ಕೆ ಮಡಚಿ. ಒಮ್ಮೆ ಬಲದಿಂದ, ಒಮ್ಮೆ ಎಡದಿಂದ ಕತ್ತರಿ ಹಾಕುತ್ತಾ ಹೋಗಿ, ಆಚೆ ಅಂಚು ಮುಟ್ಟುವ ಮೊದಲೇ ನಿಲ್ಲಿಸಿ. ಮಡಿಕೆ ಬಿಡಿಸಿ ನಿಧಾನವಾಗಿ ಎಳೆದರೆ ಬಲೆ. ಉಳಿದ ಚೂರುಗಳನ್ನು ಎಸೆಯಬೇಡಿ. ಅವೇ ಆ ಕಾಗದದ ಕಸದ ಬುಟ್ಟಿಗೆ ಹೋಗಬೇಕು. ಅಚ್ಚುಕಟ್ಟು, ಮಿತವ್ಯಯ ಕಲಿಯಲಿ ಎಂದೇ ಆ ಬುಟ್ಟಿ.

ಊಟಕ್ಕೆ ಸೋಮೆನ್, ಅಂದರೆ ಗೋಧಿಯ ಎಳೆಎಳೆ ಶ್ಯಾವಿಗೆ. ಚೀನಾದಿಂದ ಬಂದ ‘ಸಾಕುಬೆಯ್’ ಎಂಬ ಹುರಿಹೆಣೆದ ಹಿಟ್ಟಿನ ತಿಂಡಿಯೇ ಇದರ ಮೂಲ ಎನ್ನುತ್ತಾರೆ. ಎಳೆಗಳನ್ನು ಒರಿಹಿಮೆಯ ನೂಲು ಅಂತಲೂ, ಆಕಾಶಗಂಗೆ ಅಂತಲೂ ನೋಡುತ್ತಾರೆ.

ಮೊದಲು ಅದ್ದಿ ತಿನ್ನುವ ಸಾರು. ಸಾಮಾನ್ಯವಾಗಿ ಒಣಮೀನಿನ ಚೂರು ಹಾಕುತ್ತಾರೆ. ನಮ್ಮದು ಸಸ್ಯಾಹಾರ, ಹಾಗಾಗಿ ಕೊಂಬು ಎಂಬ ಕಡಲಪಾಚಿ ಮತ್ತು ಒಣ ಶಿಟಾಕೆ ಅಣಬೆಯನ್ನು ರಾತ್ರಿಯಿಡೀ ತಣ್ಣೀರಲ್ಲಿ ನೆನೆಸುತ್ತೇನೆ. ಆ ನೀರು 4 ಪಾಲು, ಸೋಯಾ ಸಾಸ್ 1, ಮಿರಿನ್ (ಅಡುಗೆಗೆ ಬಳಸುವ ಸಿಹಿ ಅಕ್ಕಿ ಮದ್ಯ) 1. ಒಂದು ಕುದಿ ಬರಿಸಿ ಫ್ರಿಜ್‌ನಲ್ಲಿಡಿ.

ಒಬ್ಬರಿಗೆ 100 ಗ್ರಾಂ ಸೋಮೆನ್. ಜಾಸ್ತಿ ನೀರು ಕುದಿಸಿ ಹಾಕಿ, ಒಂದೂವರೆಯಿಂದ ಎರಡು ನಿಮಿಷಕ್ಕೆ ಬಸಿಯಿರಿ. ಸುಮ್ನೆ ನೀರು ಹೊಯ್ದರೆ ಸಾಲದು. ತಣ್ಣೀರಲ್ಲಿ ಬಟ್ಟೆ ಒಗೆದ ಹಾಗೆ ಎರಡೂ ಕೈಯಲ್ಲಿ ಉಜ್ಜಿ ತೊಳೆಯಬೇಕು. ಒಳಗಿನ ಉಪ್ಪು, ಮೇಲಿನ ಎಣ್ಣೆ, ಲೋಳೆ ಎಲ್ಲ ಹೋಗಿ ಎಳೆ ಬಿಗಿಯಾಗುತ್ತದೆ. ಮೊದಲ ಸಲ ಇದನ್ನು ಬಿಟ್ಟಿದ್ದೆ, ಮುದ್ದೆಯಾಯಿತು.

ಮಂಜುಗಡ್ಡೆಯ ಮೇಲೆ ಹರಡಿ. ಬೆಂಡೆಕಾಯಿಯನ್ನು ಅರೆ ಬೇಯಿಸಿ ಅಡ್ಡಕ್ಕೆ ಹೆಚ್ಚಿದರೆ ಒಂದೊಂದು ಬಿಲ್ಲೆಯೂ ಐದು ಮೂಲೆಯ ನಕ್ಷತ್ರ. ಬಿಳಿ ಎಳೆಗಳ ಮೇಲೆ ಅವನ್ನೇ ಚೆಲ್ಲುತ್ತೇನೆ. ಪಕ್ಕಕ್ಕೆ ತುರಿದ ಶುಂಠಿ, ಸಣ್ಣಗೆ ಹೆಚ್ಚಿದ ಈರುಳ್ಳಿ ಸೊಪ್ಪು.

ಹಬ್ಬ ಮುಗಿದ ಮೇಲೆ ಹಿಂದೆ ಬಿದಿರನ್ನು ನದಿಗೆ ಬಿಡುತ್ತಿದ್ದರು. ಈಗ ಹಾಗೆ ಬಿಡಬೇಡಿ. ಹತ್ತಿರದ ದೇಗುಲದಲ್ಲಿ ಕೇಳಿ, ಕೆಲವು ಕಡೆ ತೆಗೆದುಕೊಂಡು ಸುಡುತ್ತಾರೆ. ಮಗಳ ಚೀಟಿಯನ್ನು ಮಾತ್ರ ನಾನು ಬಿಚ್ಚಿಟ್ಟುಕೊಂಡಿದ್ದೇನೆ. ಈ ಬೇಸಿಗೆಯಲ್ಲಿ ಅವಳು ಕೊಳದ ಅರ್ಧದವರೆಗೆ ಈಜಿದಳು.