ಕಾರಿನ ಹಚ್ಚೆ: ಸ್ಟೀರಿಂಗ್ ಹೋಗಿ ಕೋಳಿಮೊಟ್ಟೆ ಆಗದಿರಲಿ

ಹಾಸನದ ಮದುವೆಯೊಂದರಲ್ಲಿ ನಮ್ಮ ಸಂಬಂಧಿಕರ ಹುಡುಗನೊಬ್ಬ ಶರ್ಟಿನ ತೋಳು ಮಡಚಿ ತೋರಿಸಿದ. ಮಣಿಕಟ್ಟಿನ ಹತ್ತಿರ ಸ್ಟೀರಿಂಗ್ ಹಚ್ಚೆ. ನೋಡೋಕೆ ಚೆನ್ನಾಗಿಯೇ ಇತ್ತು. ಊಟಕ್ಕೆ ಕೂತು ಕೈ ತಿರುಗಿಸಿದ ನೋಡಿ, ಸ್ಟೀರಿಂಗ್ ಕೋಳಿಮೊಟ್ಟೆ ಆಯಿತು. ಇಂಥದ್ದು ನಾನು ನೋಡಿದ್ದು ಇದು ಮೂರನೆಯದು.

ಮೊದಲು ಚಿತ್ರ. ಇಡೀ ಕಾರು ಬೇಡ, ಒಂದು ಭಾಗ ಸಾಕು. ನನ್ನ ಮಟ್ಟಿಗೆ ಗೇರ್ ನಕ್ಷೆಯೇ ಬೆಸ್ಟ್: ನಾಲ್ಕು ಗೆರೆ, ಐದು ಅಂಕಿ, ಒಂದು ಆರ್. ಆದರೆ ನಿಮ್ಮ ಗಾಡಿಯದ್ದೇ ಇರಲಿ. ರಿವರ್ಸ್ ಕೆಲವು ಕಾರಿನಲ್ಲಿ ಐದರ ಕೆಳಗಿರುತ್ತದೆ, ಕೆಲವದರಲ್ಲಿ ಒಂದರ ಪಕ್ಕ. ಗೇರ್ ಹಿಡಿಯ ಫೋಟೊ ತೆಗೆದುಕೊಂಡು ಹೋಗಿ. ಎಂಜಿನ್ ಹುಚ್ಚಿದ್ದರೆ 1-3-4-2 ಹಾಕಿಸಿ. ನಾಲ್ಕು ಸಿಲಿಂಡರ್ ಸಾಲಾಗಿರುವ ಹೆಚ್ಚಿನ ಎಂಜಿನ್‌ಗಳು ಫೈರ್ ಆಗುವ, ಅಂದರೆ ಒಂದೊಂದು ಸಿಲಿಂಡರಿನಲ್ಲಿ ಇಂಧನ ಹೊತ್ತಿಕೊಳ್ಳುವ ಕ್ರಮ ಅದು. ಮೆಕ್ಯಾನಿಕ್ ನೋಡಿ ನಗುತ್ತಾನೆ, ಉಳಿದವರು ಎಟಿಎಂ ಪಿನ್ ಅಂದುಕೊಳ್ಳುತ್ತಾರೆ. ತೋಟದ ಜೀಪಿನ ಮುಖವೂ ಚೆಂದ: ಎರಡು ದುಂಡು ದೀಪ, ನಡುವೆ ಉದ್ದುದ್ದ ಸೀಳು. ಚಾರ್ಮಾಡಿ ಘಾಟಿಯ ತಿರುವುಗಳನ್ನು ಮ್ಯಾಪ್ ಮೇಲೆ ತೆಳು ಹಾಳೆ ಇಟ್ಟು ಒಂದೇ ಗೆರೆಯಲ್ಲಿ ಬರೆದುಕೊಂಡರೆ ಅದೇ ಒಂದು ಡಿಸೈನ್.

ನಂಬರ್ ಪ್ಲೇಟ್ ಪೂರ್ತಿ ಹಾಕಿಸಬೇಡಿ. ಗಾಡಿ ಮಾರಿದ ಮೇಲೆ ಬೇರೆಯವರ ನಂಬರ್ ಹೊತ್ತು ತಿರುಗಬೇಕು. ಊರಿನ ಅಭಿಮಾನಕ್ಕೆ ಹಾಸನದ ಕೆಎ 13 ಅಥವಾ ಚಿಕ್ಕಮಗಳೂರಿನ ಕೆಎ 18 ಸಾಕಲ್ವಾ? ಚಿಕ್ಕಮಗಳೂರಿನ ರ‍್ಯಾಲಿ ನೋಡಿ ಬಂದವರು ಟೈರ್ ಅಚ್ಚು ಕೇಳುತ್ತಾರೆ. ಅದನ್ನು ದೊಡ್ಡದಾಗಿ ಹಾಕಿಸುವುದಾದರೆ ಮಾತ್ರ ಹೂಂ ಅನ್ನಿ.

ಹಚ್ಚೆ ಹಾಕುವವರು ಸೂಜಿ ಪ್ಯಾಕೆಟ್ಟನ್ನು ನಿಮ್ಮ ಕಣ್ಣೆದುರೇ ಒಡೆಯಬೇಕು. ಜಾತ್ರೆಯಲ್ಲಿ ಒಂದೇ ಸೂಜಿಯಲ್ಲಿ ಹತ್ತು ಜನಕ್ಕೆ ಚುಚ್ಚುವವರ ಹತ್ತಿರ ಸುಳಿಯಬೇಡಿ. ಸುಮ್ನೆ ಟ್ರೈ ಮಾಡೋಣ ಅಂತ ಕಪ್ಪು ಮೆಹಂದಿಯೂ ಬೇಡ. ಅದರಲ್ಲಿ ಕೂದಲಿನ ಡೈ ಬೆರೆಸಿರುತ್ತಾರೆ, ಚರ್ಮ ಬೊಬ್ಬೆ ಏಳಬಹುದು.

ಇನ್ನು ಸ್ಟೆನ್ಸಿಲ್, ಅಂದರೆ ಚುಚ್ಚುವ ಮೊದಲು ಚರ್ಮದ ಮೇಲೆ ಅಂಟಿಸಿ ಮೂಡಿಸುವ ಚಿತ್ರದ ಅಚ್ಚು. ಎಲ್ಲರೂ ಎಡವುವುದು ಇಲ್ಲೇ.

ಚಿತ್ರವನ್ನು ಮೂರು ಸೈಜಿನಲ್ಲಿ ಪ್ರಿಂಟ್ ತೆಗೆಸಿ, ಕತ್ತರಿಸಿ, ಟೇಪ್ ಹಚ್ಚಿ ಒಂದು ದಿನ ಮೈಮೇಲೆ ಇಟ್ಟುಕೊಂಡು ಓಡಾಡಿ. ನಾಲ್ಕು ಮಾರು ದೂರದಿಂದ ಗೊತ್ತಾಗದಿದ್ದರೆ ಚಿಕ್ಕದಾಯಿತು. ಶಾಯಿ ಕೂರುವುದು ಮೇಲ್ಚರ್ಮದ ಕೆಳಗಿನ ಪದರದಲ್ಲಿ. ವರ್ಷ ಕಳೆದಂತೆ ಗೆರೆ ಅಗಲವಾಗುತ್ತದೆ. ಕಿರಿದಾಗಿ ಬರೆಸಿದ 6, 8ರ ಹೊಟ್ಟೆ ತುಂಬಿಕೊಂಡು ಎರಡೂ ಒಂದೇ ಥರ ಕಾಣುತ್ತವೆ. ಅಂಕಿ ಒಂದು ಸೆಂಟಿಮೀಟರಿಗಿಂತ ಕಮ್ಮಿ ಎತ್ತರ ಇರಲೇಬಾರದು. ನಮ್ಮಜ್ಜಿಯ ಕೈಮೇಲಿನ ಹಚ್ಚೆ ಹಸಿರು ತಿರುಗಿದ್ದರೂ ಕೊನೆವರೆಗೂ ಚಿತ್ರ ತಿಳಿಯುತ್ತಿತ್ತು. ಇದ್ದದ್ದು ನಾಲ್ಕೇ ಗೆರೆ, ನಾಲ್ಕು ಚುಕ್ಕಿ, ಮಧ್ಯೆ ಬೇಕಾದಷ್ಟು ಜಾಗ.

ಸ್ಟೆನ್ಸಿಲ್ ಅಂಟಿಸುವಾಗ ಎದ್ದು ನಿಲ್ಲಿ, ಕೈ ಜೋಲು ಬಿಡಿ. ಕುರ್ಚಿಯ ಮೇಲೆ ಕೈ ಚಾಚಿ ಅಂಟಿಸಿಕೊಂಡರೆ ಎದ್ದಾಗ ಸೊಟ್ಟ. ಅಂಟಿಸಿದ ಮೇಲೆ ಸ್ಟೀರಿಂಗ್ ಹಿಡಿದವರಂತೆ ಕೈ ತಿರುಗಿಸಿ ನೋಡಿ. ಮುಂಗೈ ಚರ್ಮ ಮಣಿಕಟ್ಟಿನ ಕಡೆ ಜಾಸ್ತಿ ತಿರುಗುತ್ತದೆ, ಮೊಣಕೈ ಕಡೆ ಕಮ್ಮಿ. ಅದಕ್ಕೇ ಚಕ್ರ, ಮೀಟರ್, ಸ್ಟೀರಿಂಗ್‌ನಂಥ ದುಂಡನೆಯವಕ್ಕೆ ರಟ್ಟೆಯ ಹೊರಭಾಗ ಅಥವಾ ಮೀನಖಂಡ ಆರಿಸಿ. ಘಾಟಿಯ ಗೆರೆಗೆ ಮುಂಗೈ ಸರಿ. ಫೋಟೊವನ್ನು ಬೇರೆಯವರು ತೆಗೆಯಲಿ. ಸೆಲ್ಫಿಯಲ್ಲಿ ಎಡ ಬಲ ಅದಲುಬದಲಾಗಿ ಅಕ್ಷರ ಉಲ್ಟಾ ಕಾಣಬಹುದು. ಸರಿಯಿಲ್ಲ ಅನ್ನಿಸಿದರೆ ಅಳಿಸಿ ಮತ್ತೆ ಅಂಟಿಸಲು ಹೇಳಿ. ಅವರು ಗೊಣಗಲಿ ಬಿಡಿ, ಮೂರು ಸಲವಾದರೂ ಹೇಳಿ. ಕೊನೆಗೆ ಹತ್ತು ನಿಮಿಷ ಒಣಗಲಿ, ಇಲ್ಲದಿದ್ದರೆ ಒರೆಸುವಾಗ ಗೆರೆ ಮಾಯ.

ಸೇನೆಗೆ ಸೇರುವ ಆಸೆಯಿದ್ದರೆ ಜಾಗ ಆರಿಸುವ ಮೊದಲೇ ಭರ್ತಿಯ ನಿಯಮ ಓದಿಕೊಳ್ಳಿ. ಮುಂಗೈ ಒಳಭಾಗ ಮತ್ತು ಹಸ್ತದ ಹಿಂಭಾಗ ಬಿಟ್ಟು ಬೇರೆಡೆ ಹಚ್ಚೆ ಸಾಮಾನ್ಯವಾಗಿ ಒಪ್ಪುವುದಿಲ್ಲ.

ಚುಚ್ಚಿಸುವ ದಿನ ಹೊಟ್ಟೆ ತುಂಬ ತಿಂದು ಹೋಗಿ. ನೋಯುತ್ತದೆ, ಅಷ್ಟೇ.

ಆಮೇಲೆ ಸೌಮ್ಯ ಸೋಪಿನಲ್ಲಿ ತೊಳೆದು, ಹಚ್ಚೆ ಹಾಕಿದವರು ಹೇಳಿದ ಮುಲಾಮನ್ನು ತೆಳ್ಳಗೆ ಸವರಿ. ಅರಿಶಿನ ಬೇಡ. ಹಕ್ಕಳೆ ಕೀಳಬೇಡಿ. ಎರಡು ಮೂರು ವಾರ ಹೊಳೆ, ಕೆರೆಗೆ ಇಳಿಯಬೇಡಿ. ಒಂದು ವರ್ಷ ರಕ್ತದಾನ ಮಾಡುವಂತಿಲ್ಲ. ಬಲಗೈಗೆ ಹಾಕಿಸಿದ್ದರೆ ಗಾಡಿ ಓಡಿಸುವಾಗ ಕಿಟಕಿ ಮೇಲೆ ಮೊಣಕೈ ಊರುವ ಚಾಳಿ ಬಿಡಿ. ಬೇಲೂರು ತಲುಪುವಷ್ಟರಲ್ಲಿ ಬಿಸಿಲಿಗೆ ಉರಿ ಹತ್ತಿರುತ್ತದೆ.