ಕನಿಷ್ಠ ವೇತನದ ಡ್ರಾಫ್ಟ್‌ಗೆ ಆಕ್ಷೇಪಣೆ ಬರೆಯೋದು ಹೇಗೆ

ಸರ್ಕಾರ ಕನಿಷ್ಠ ವೇತನದ ಡ್ರಾಫ್ಟ್ ಬಿಟ್ಟ ತಕ್ಷಣ ಸಂಬಳ ಏರಿತು ಅಂತ ವಾಟ್ಸಾಪ್‌ನಲ್ಲಿ ಫಾರ್ವರ್ಡ್ ಶುರು ಆಗುತ್ತೆ, ಆದ್ರೆ ಡ್ರಾಫ್ಟ್ ಅಂದ್ರೆ ಬರೀ ಪ್ರಸ್ತಾವ. ಅದಾದ್ಮೇಲೆ ಆಕ್ಷೇಪಣೆ, ಸಲಹೆ ಕಳಿಸೋಕೆ ಕಮ್ಮಿ ಅಂದ್ರೂ ಎರಡು ತಿಂಗ್ಳು ಟೈಮ್ ಇರುತ್ತೆ. 1948ರ ಹಳೇ ಕಾಯ್ದೆಲೂ ಹಂಗೇ ಇತ್ತು, 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ವೇತನ ಸಂಹಿತೆಲೂ ಇದೆ. ಮಾಲೀಕರ ಸಂಘದವ್ರು ಈ ಟೈಮಲ್ಲಿ ಲೆಟರ್‌ಹೆಡ್ ಮೇಲೆ ಲೆಕ್ಕ ಹಾಕಿ ಕಳಿಸ್ತಾರೆ, ನಮ್ಮವ್ರು "ಸಂಬಳ ಸಾಲ್ತಿಲ್ಲ ಸ್ವಾಮಿ" ಅಂತ ಎರಡು ಸಾಲು ಬರ್ದು ಸುಮ್ನಾಗ್ತಾರೆ. ಅದು ಸಾಲಲ್ಲ, ನೀವೂ ಲೆಕ್ಕಾನೇ ಕಳಿಸಿ.

ಮೊದ್ಲು ಡ್ರಾಫ್ಟ್‌ನಲ್ಲಿ ನಿಮ್ಮ ವಲಯ ಯಾವ್ದು, ನಿಮ್ಮ ಕೆಲಸ ಕುಶಲನಾ ಅರೆಕುಶಲನಾ ನೋಡ್ಕೊಳ್ಳಿ, ಎಷ್ಟೋ ಜನಕ್ಕೆ ಮೋಸ ಆಗೋದು ಇಲ್ಲೇ. 2025ರ ಏಪ್ರಿಲ್‌ನಲ್ಲಿ ಕರ್ನಾಟಕ ಬಿಟ್ಟ ಡ್ರಾಫ್ಟ್‌ನಲ್ಲಿ ಬೆಂಗ್ಳೂರು ಒಂದನೇ ವಲಯ, ಅಲ್ಲಿ ಅತಿಕುಶಲ ಕೆಲಸಕ್ಕೆ ತಿಂಗ್ಳಿಗೆ 34,225.42 ರೂಪಾಯಿ, ದಿನಕ್ಕೆ 1,316.36 ಅಂತಿತ್ತು. ದಿನಗೂಲಿಗೆ ಭಾಗ್ಸಿರೋದು 26ರಿಂದ, 30ರಿಂದ ಅಲ್ಲ, ಇದು ನೆನಪಿರ್ಲಿ.

ಈಗ ಲೆಕ್ಕ. 1957ರ ಭಾರತೀಯ ಕಾರ್ಮಿಕ ಸಮ್ಮೇಳನದ ಸೂತ್ರ ಇಟ್ಕೊಳ್ಳಿ. ಮನೇಲಿ ಯಾರಿಗೆಷ್ಟು ಖರ್ಚು ಅನ್ನೋದನ್ನ ಅದ್ರಲ್ಲಿ ಯೂನಿಟ್ ಲೆಕ್ಕದಲ್ಲಿ ಅಳೀತಾರೆ: ಗಂಡ 1, ಹೆಂಡ್ತಿ 0.8, ಎರಡು ಮಕ್ಳು ತಲಾ 0.6, ಒಟ್ಟು ಮೂರು ಯೂನಿಟ್ (ಹೆಂಗಸ್ರಿಗೆ ಯಾಕೆ 0.8 ಅಂತ ಬೇಕಾದ್ರೆ ಅದನ್ನೂ ಕೇಳಿ, ತಪ್ಪಿಲ್ಲ). ಯೂನಿಟ್‌ಗೆ ದಿನಕ್ಕೆ 2,700 ಕ್ಯಾಲೊರಿ ಊಟ, ಮನೆಗೆ ವರ್ಷಕ್ಕೆ 72 ಗಜ ಬಟ್ಟೆ, ಆಮೇಲೆ ಬಾಡಿಗೆ. ಅಕ್ಕಿ, ಬೇಳೆ, ಎಣ್ಣೆ, ಹಾಲು, ತರಕಾರಿ ನಿಮ್ಮೂರ ಅಂಗಡಿ ರೇಟಲ್ಲೇ ಬರೀರಿ, ಬಿಲ್ ಇದ್ರೆ ಜೆರಾಕ್ಸ್ ಹಚ್ಚಿ. ಸೌದೆ, ಗ್ಯಾಸು, ಕರೆಂಟು, ಇತರೆ ಖರ್ಚಿಗೆ 20%. ಮಕ್ಳ ಓದು, ಆಸ್ಪತ್ರೆ, ಹಬ್ಬ, ಮದ್ವೆ, ಮುಪ್ಪಿನ ಕಾಲಕ್ಕೆ ಅಂತ ಇನ್ನೂ 25% ಸೇರಿಸ್ಬೇಕು ಅಂತ ಸುಪ್ರೀಂ ಕೋರ್ಟ್ ರೆಪ್ಟಾಕೋಸ್ ಬ್ರೆಟ್ ಕೇಸ್‌ನಲ್ಲಿ ಹೇಳಿದೆ.

ಆಟ ಇರೋದು ಈ ಪರ್ಸೆಂಟಲ್ಲೇ. 20, 25 ಎರಡೂ ಒಟ್ಟು ವೇತನದಲ್ಲಿ, ಊಟ ಬಟ್ಟೆ ಬಾಡಿಗೆ ಮೇಲೆ ಅಲ್ಲ. ಅಂದ್ರೆ ಊಟ ಬಟ್ಟೆ ಬಾಡಿಗೆ ಮೂರೂ ಸೇರಿ ಒಟ್ಟು ವೇತನದ 55% ಆಗುತ್ತೆ. ಸುಮ್ನೆ ಉದಾಹರಣೆಗೆ ಅದು 11,000 ಆಯ್ತು ಅನ್ಕೊಳ್ಳಿ, ಅದ್ರ ಮೇಲೆ 45% ಹಾಕಿದ್ರೆ 15,950 ಬರುತ್ತೆ, ಸರಿಯಾಗಿ 0.55ರಿಂದ ಭಾಗ್ಸಿದ್ರೆ 20,000. ತಿಂಗ್ಳಿಗೆ 4,050 ವ್ಯತ್ಯಾಸ! ಡ್ರಾಫ್ಟ್‌ನಲ್ಲಿ ಯಾವ ರೀತಿ ಲೆಕ್ಕ ಹಾಕಿದಾರೆ ಅಂತ ಒಂದು ಪ್ಯಾರಾ ಇದಕ್ಕೇ ಮೀಸಲಿಟ್ಟು ಕೇಳಿ.

"ಇಷ್ಟು ಕೊಟ್ರೆ ಫ್ಯಾಕ್ಟ್ರಿ ಮುಚ್ಬೇಕಾಗುತ್ತೆ" ಅನ್ನೋ ಮಾತು ಬಂದೇ ಬರುತ್ತೆ. ಸಣ್ಣ ವರ್ಕ್‌ಶಾಪ್‌ನವ್ರ ಕಷ್ಟ ಸುಳ್ಳು ಅಂತ ನಾನೇನೂ ಹೇಳಲ್ಲ. ಆದ್ರೆ ಕನಿಷ್ಠ ವೇತನ ನಿಗದಿ ಮಾಡೋವಾಗ ಮಾಲೀಕರ ಕೊಡೋ ಶಕ್ತಿ ನೋಡಂಗಿಲ್ಲ ಅಂತ ಸುಪ್ರೀಂ ಕೋರ್ಟ್ 1961ರಲ್ಲೇ ಕೇರಳದ ಉಣಿಚೋಯಿ ಕೇಸ್‌ನಲ್ಲಿ ಹೇಳಿಬಿಟ್ಟಿದೆ, ಅದನ್ನೂ ಒಂದು ಸಾಲು ಹಾಕಿ.

ಕನ್ನಡದಲ್ಲೇ ಬರೀರಿ, ಡ್ರಾಫ್ಟ್‌ನ ನಂಬರ್, ತಾರೀಖು ಮೇಲ್ಗಡೆ ಹಾಕಿ, ಒಂದೇ ಕಡೆ ಕೆಲಸ ಮಾಡೋರು ಎಲ್ರೂ ಸೇರಿ ಸಹಿ ಹಾಕಿದ್ರೆ ಒಬ್ಬರ ಮೇಲೆ ಮ್ಯಾನೇಜರ್ ಕಣ್ಣು ಬೀಳಲ್ಲ, ಅಥ್ವಾ ಯೂನಿಯನ್ ಹೆಸ್ರಲ್ಲೇ ಕಳಿಸಿ. ಯಾರಿಗೆ ಕಳಿಸ್ಬೇಕು ಅನ್ನೋದು ಡ್ರಾಫ್ಟ್‌ನಲ್ಲೇ ಇರುತ್ತೆ. ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಕೊಳ್ಳಿ, ಕೈಯಲ್ಲಿ ಕೊಟ್ರೆ ನಿಮ್ಮ ಕಾಪಿ ಮೇಲೆ ಸೀಲ್ ಹಾಕಿಸ್ಕೊಂಡೇ ಬನ್ನಿ.