ಮೇಲ್ ಬರುತ್ತಿಲ್ಲವೇ? ಮೊದಲು ಮೋಡೆಮ್ ಸದ್ದು ಕೇಳಿ

ಡಯಲ್-ಅಪ್, ಅಂದರೆ ಮೋಡೆಮ್ ಎಂಬ ಡಬ್ಬಿ ಫೋನ್ ಲೈನಿನಲ್ಲಿ ಕರೆ ಮಾಡಿ ಕೊಡಿಸುವ ಇಂಟರ್ನೆಟ್, ಕೈಕೊಟ್ಟಾಗ ಎಲ್ಲರೂ ಮೊದಲು ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡುತ್ತಾರೆ. ಆಗಲೂ ಆಗದಿದ್ದರೆ ಮೇಲ್ ಸಾಫ್ಟ್‌ವೇರನ್ನೇ ಕಿತ್ತು ಮತ್ತೆ ಹಾಕುತ್ತಾರೆ. ಸುಮ್ನೆ ಸಮಯ ದಂಡ. ತೊಂದರೆ ಫೋನ್ ಲೈನಿನಲ್ಲಿದೆಯೋ, ಲಾಗಿನ್‌ನಲ್ಲಿದೆಯೋ, ಮೇಲ್ ಸೆಟ್ಟಿಂಗ್‌ನಲ್ಲಿದೆಯೋ ಎಂದು ಮೊದಲು ಗೊತ್ತು ಮಾಡಿಕೊಳ್ಳಿ. ಇಲ್ಲಿ ಹೇಳಿರುವುದು ಹಳೆಯ ವಿಂಡೋಸ್ ಎಕ್ಸ್‌ಪಿ ಮತ್ತು ಅದರ ಜತೆ ಬರುತ್ತಿದ್ದ ಔಟ್‌ಲುಕ್ ಎಕ್ಸ್‌ಪ್ರೆಸ್ ಎಂಬ ಮೇಲ್ ಸಾಫ್ಟ್‌ವೇರ್ ಲೆಕ್ಕದಲ್ಲಿ.

ಲೈನ್ ಪರೀಕ್ಷೆ

ಮೋಡೆಮ್ ಸದ್ದು ಕಿರಿಕಿರಿ ಎಂದು ಮ್ಯೂಟ್ ಮಾಡಿದ್ದರೆ ಈಗ ಜಾಸ್ತಿ ಮಾಡಿ. ಮೊದಲು ಡಯಲ್ ಟೋನ್, ಆಮೇಲೆ ನಂಬರ್ ಒತ್ತುವ ಸದ್ದು, ರಿಂಗ್, ಕೊನೆಗೆ ಕೀಚಲು ಕೂಗು ಮತ್ತು ಖರಖರ. ಎರಡೂ ಕಡೆಯ ಮೋಡೆಮ್‌ಗಳು ಯಾವ ವೇಗದಲ್ಲಿ ಮಾತಾಡಬೇಕು ಎಂದು ಚೌಕಾಸಿ ಮಾಡುವ ಸದ್ದು ಅದು. ಯಾವ ಸದ್ದಿಗೆ ನಿಂತಿತು ಎಂದು ಗಮನಿಸಿ.

ಡಯಲ್ ಟೋನೇ ಇಲ್ಲ, 680 ಎಂಬ ಎರರ್ ಬಂತು ಎಂದರೆ ವೈರ್ ನೋಡಿ. ಮೋಡೆಮ್ ಹಿಂದೆ ಸಾಮಾನ್ಯವಾಗಿ ಎರಡು ತೂತು ಇರುತ್ತವೆ: ಲೈನ್, ಫೋನ್. ಗೋಡೆಯಿಂದ ಬರುವ ವೈರ್ ಲೈನ್ ಎಂದು ಬರೆದಿರುವುದಕ್ಕೇ ಹೋಗಬೇಕು. ಇದನ್ನು ನೋಡದೆ ನಾನು ಒಮ್ಮೆ ಇಡೀ ವಿಂಡೋಸನ್ನೇ ಹೊಸದಾಗಿ ಹಾಕಿದ್ದೆ!

ಫೋನ್‌ನಲ್ಲಿ ಟೋನ್ ಕೇಳುತ್ತದೆ, ಮೋಡೆಮ್ ಮಾತ್ರ ಇಲ್ಲ ಎನ್ನುತ್ತದೆಯೇ? ವಾಯ್ಸ್‌ಮೇಲ್ ಬಂದಾಗ ಕೆಲವು ಲೈನ್‌ಗಳಲ್ಲಿ ಟೋನ್ ತುಂಡುತುಂಡಾಗಿ ಬರುತ್ತದೆ, ಮೋಡೆಮ್‌ಗೆ ಅದು ಗುರುತು ಸಿಗುವುದಿಲ್ಲ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಮೋಡೆಮ್‌ನ ಪ್ರಾಪರ್ಟೀಸ್ ತೆರೆದು, ‘ವೇಟ್ ಫಾರ್ ಡಯಲ್ ಟೋನ್’ ಎಂಬಲ್ಲಿನ ಟಿಕ್ ತೆಗೆದುಬಿಡಿ.

676 ಎಂದರೆ ಲೈನ್ ಬ್ಯುಸಿ, ಸ್ವಲ್ಪ ಕಾಯಿರಿ. 678 ಎಂದರೆ ಆ ಕಡೆಯಿಂದ ಉತ್ತರವಿಲ್ಲ. ಅದೇ ನಂಬರಿಗೆ ಫೋನ್‌ನಿಂದ ಕರೆ ಮಾಡಿ. ಕೀಚಲು ಕೂಗು ಕೇಳಿದರೆ ನಂಬರ್ ಸರಿ. ಯಾರೋ ‘ಹಲೋ’ ಎಂದರೆ ಕ್ಷಮೆ ಕೇಳಿ ಫೋನಿಟ್ಟು ನಂಬರ್ ತಿದ್ದಿಕೊಳ್ಳಿ.

ಲಾಗಿನ್

ಇದಕ್ಕೆ ಜಾಸ್ತಿ ಹೇಳಬೇಕಿಲ್ಲ. 691 ಬಂದರೆ ಯೂಸರ್‌ನೇಮ್ ಅಥವಾ ಪಾಸ್‌ವರ್ಡ್ ತಪ್ಪು. ಕ್ಯಾಪ್ಸ್ ಲಾಕ್ ನೋಡಿ. ಕೆಲವು ಕಂಪನಿಗಳು ಯೂಸರ್‌ನೇಮ್ ಜಾಗದಲ್ಲಿ ಪೂರ್ತಿ ಮೇಲ್ ವಿಳಾಸ ಕೇಳುತ್ತವೆ.

ಕನೆಕ್ಟ್ ಆಗಿ ನಡುವೆ ಕಡಿದುಹೋಗುತ್ತಿದ್ದರೆ ಅದು ಮತ್ತೆ ಲೈನಿನ ಕಥೆ. ಒಳಕೋಣೆಯಲ್ಲಿ ಯಾರಾದರೂ ಅದೇ ಲೈನಿನ ಎಕ್ಸ್‌ಟೆನ್ಷನ್ ಫೋನ್ ಎತ್ತಿದರೂ, ಕಾಲ್ ವೇಟಿಂಗ್‌ನ ‘ಬೀಪ್’ ಬಂದರೂ ಸಾಕು.

ಈಗ ಮೇಲ್

ಮೊದಲು ಬ್ರೌಸರ್‌ನಲ್ಲಿ ಯಾವುದಾದರೂ ಪುಟ ತೆರೆಯಿರಿ. ತೆರೆದರೆ ಮೋಡೆಮ್ ನಿರಪರಾಧಿ. ಔಟ್‌ಲುಕ್ ಎಕ್ಸ್‌ಪ್ರೆಸ್ ಕೊಡುವ ಉದ್ದನೆಯ ಎರರ್ ನಂಬರಿನ ಕೊನೆಯ ಎರಡಕ್ಷರ ನೋಡಿ. 0ಡಿ ಇದ್ದರೆ ಸರ್ವರ್ ಸಿಕ್ಕಿಲ್ಲ, ಹೆಸರಿನ ಸ್ಪೆಲಿಂಗ್ ನೋಡಿ. 92 ಇದ್ದರೆ ಪಾಸ್‌ವರ್ಡ್ ಒಪ್ಪಿಗೆಯಾಗಿಲ್ಲ. 0ಇ ಇದ್ದರೆ ಸರ್ವರ್ ಜತೆ ಸಂಪರ್ಕ ಆಗುತ್ತಿಲ್ಲ. ಸೆಟ್ಟಿಂಗ್‌ನಲ್ಲಿ ಒಳಬರುವ ಮೇಲ್‌ಗೆ ಪೋರ್ಟ್ (ಸರ್ವರ್‌ನ ಬಾಗಿಲಿನ ನಂಬರ್) 110, ಹೋಗುವುದಕ್ಕೆ 25 ಇದೆಯೇ, ಫೈರ್‌ವಾಲ್ ತಡೆಯುತ್ತಿದೆಯೇ ನೋಡಿ. ಮೇಲ್ ಬರುತ್ತದೆ, ಹೋಗುವುದಿಲ್ಲ ಎಂದರೆ ಅಕೌಂಟ್‌ನ ಸರ್ವರ್ಸ್ ಟ್ಯಾಬ್‌ನಲ್ಲಿ ‘ಮೈ ಸರ್ವರ್ ರಿಕ್ವೈರ್ಸ್ ಅಥೆಂಟಿಕೇಷನ್’ಗೆ ಟಿಕ್ ಹಾಕಿ ನೋಡಿ.

ಜನರನ್ನು ನಿಜವಾಗಿ ಗೋಳು ಹೊಯ್ದುಕೊಳ್ಳುವುದು ಮಾತ್ರ ಬೇರೆಯೇ: ಬಂದ ಮೇಲ್‌ಗಳೇ ಮತ್ತೆ ಮತ್ತೆ ಬರುವುದು. ಯಾರೋ 3 ಎಂಬಿಯ ಫೋಟೊ ಕಳಿಸಿದ್ದಾರೆ ಎನ್ನಿ. ಮೇಲ್‌ನಲ್ಲಿ ಹೋಗುವಾಗ ಫೈಲ್ ಅಕ್ಷರಗಳ ರೂಪಕ್ಕೆ ಬದಲಾಗಿ ಮೂರನೇ ಒಂದು ಪಾಲು ಹಿಗ್ಗುತ್ತದೆ, ಅಲ್ಲಿಗೆ 4 ಎಂಬಿ. ಮೋಡೆಮ್ ಡಬ್ಬಿಯ ಮೇಲೆ 56 ಕೆ (ಸೆಕೆಂಡಿಗೆ 56 ಕಿಲೋಬಿಟ್) ಎಂದಿದ್ದರೂ ಸಿಗುವುದು 45ರ ಆಸುಪಾಸು. ಆ ವೇಗದಲ್ಲಿ ಇಳಿಯಲು 12 ನಿಮಿಷ ಬೇಕು. ಹನ್ನೊಂದನೇ ನಿಮಿಷಕ್ಕೆ ಲೈನ್ ಕಡಿಯಿತೋ, ಮುಗಿಯಿತು. ಸರ್ವರ್‌ನಿಂದ ಮೇಲ್ ಇಳಿಸಿಕೊಳ್ಳುವ ಪಾಪ್ 3 ಪದ್ಧತಿಯಲ್ಲಿ ಸಾಫ್ಟ್‌ವೇರ್ ‘ಕ್ವಿಟ್’ ಎಂದು ಹೇಳಿ ಬಂದ ಮೇಲೆಯೇ ಸರ್ವರ್ ಹಳೆಯ ಮೇಲ್ ಅಳಿಸುವುದು. ನಡುವೆ ಕಡಿದರೆ ಏನೂ ಅಳಿಯುವುದಿಲ್ಲ. ಮುಂದಿನ ಸಲ ಮೊದಲಿನ ಸಣ್ಣ ಮೇಲ್‌ಗಳೂ ಮತ್ತೆ ಬರುತ್ತವೆ, ಆ ಫೋಟೊ ಮತ್ತೆ ಸೊನ್ನೆಯಿಂದ ಶುರು.

ಇದಕ್ಕೆ ಸುಲಭದ ದಾರಿ, ವೆಬ್‌ಮೇಲ್ ಇದ್ದರೆ ಬ್ರೌಸರ್‌ನಲ್ಲಿ ಒಳಹೋಗಿ ಆ ದೊಡ್ಡ ಮೇಲ್ ಒಂದನ್ನು ಅಳಿಸುವುದು. ಇಲ್ಲವಾದರೆ ಟೂಲ್ಸ್ ಮೆನುವಿನ ಮೆಸೇಜ್ ರೂಲ್ಸ್‌ನಲ್ಲಿ, ಇಂತಿಷ್ಟಕ್ಕಿಂತ ದೊಡ್ಡ ಮೇಲನ್ನು ಇಳಿಸಬೇಡ ಎಂಬ ರೂಲ್ ಹಾಕಿ. ಮೇಲ್ ಬೇಕೇ ಬೇಕು ಎನ್ನುವವರು ಅಕೌಂಟ್‌ನ ಅಡ್ವಾನ್ಸ್ಡ್ ಟ್ಯಾಬ್‌ನಲ್ಲಿ ಸರ್ವರ್ ಟೈಮ್‌ಔಟನ್ನು 5 ನಿಮಿಷಕ್ಕೆ ಏರಿಸಿ, ಎಕ್ಸ್‌ಟೆನ್ಷನ್ ವೈರ್‌ಗಳನ್ನೆಲ್ಲ ಬಿಚ್ಚಿ, ರಾತ್ರಿ ಹೊತ್ತು ಪ್ರಯತ್ನಿಸಿ.

ನೀವು ಕಳಿಸಿದ ದೊಡ್ಡ ಮೇಲ್ ಔಟ್‌ಬಾಕ್ಸ್‌ನಲ್ಲಿ ಸಿಕ್ಕಿಕೊಂಡಿದ್ದರೆ ಫೈಲ್ ಮೆನುವಿನಲ್ಲಿ ‘ವರ್ಕ್ ಆಫ್‌ಲೈನ್’ ಒತ್ತಿ. ಸಾಫ್ಟ್‌ವೇರ್ ಮುಚ್ಚಿ, ತೆರೆದು, ಆ ಮೇಲನ್ನು ಡ್ರಾಫ್ಟ್ಸ್‌ಗೆ ಎಳೆದು ಹಾಕಿ. ಫೋಟೊ ಅಗಲವನ್ನು 800 ಪಿಕ್ಸೆಲ್‌ಗೆ ಇಳಿಸಿ ಮತ್ತೆ ಕಳಿಸಿದರೆ ಬೇಗನೆ ಹೋಗುತ್ತದೆ.